ಚಾರಣದಲ್ಲಿ ವಾಚ್ ಎತ್ತರ ತಪ್ಪು ತೋರಿಸುತ್ತಿದೆಯಾ? ಗ್ರಾಫ್ ನೋಡಿ ದೋಷ ಹುಡುಕುವುದು ಹೇಗೆ

ಬೆಟ್ಟದ ತುದಿ ಮುಟ್ಟಿದ್ದೀರಿ. ಅಲ್ಲಿನ ಫಲಕದಲ್ಲಿ 1,890 ಮೀಟರ್ ಅಂತ ಬರೆದಿದೆ. ನಿಮ್ಮ ವಾಚ್ 1,822 ಅನ್ನುತ್ತಿದೆ. ಜೊತೆಯವರ ವಾಚ್ ಇನ್ನೇನೋ ಹೇಳುತ್ತಿದೆ. ಸೆನ್ಸರ್ ಕೆಟ್ಟುಹೋಯಿತು ಅಂತ ಅಲ್ಲೇ ತೀರ್ಮಾನ ಮಾಡಬೇಡಿ. ಹೆಚ್ಚಿನ ಸಲ ಸೆನ್ಸರ್ ಚೆನ್ನಾಗಿಯೇ ಇರುತ್ತದೆ. ಕ್ಯಾಲಿಬ್ರೇಟ್ ಮಾಡಿರುವುದಿಲ್ಲ (ಅಂದರೆ ಗೊತ್ತಿರುವ ಎತ್ತರಕ್ಕೆ ವಾಚನ್ನು ಹೊಂದಿಸಿರುವುದಿಲ್ಲ), ಸೆನ್ಸರ್‌ಗೆ ಗಾಳಿ ಹೋಗುವ ತೂತು ಕಟ್ಟಿಕೊಂಡಿರುತ್ತದೆ, ಇಲ್ಲವೇ ನೀವು ಹತ್ತುವಷ್ಟರಲ್ಲಿ ಹವಾಮಾನ ಬದಲಾಗಿರುತ್ತದೆ.

ತುದಿಯಲ್ಲಿ ಕಂಡ ಒಂದು ಅಂಕಿಯಿಂದ ಏನೂ ಗೊತ್ತಾಗುವುದಿಲ್ಲ. ಇಳಿದು ಬಂದ ಮೇಲೆ ಆ್ಯಪ್‌ನಲ್ಲಿ ಎತ್ತರದ ಗ್ರಾಫ್ ತೆರೆಯಿರಿ. ಇಡೀ ಗೆರೆ ಮೇಲಕ್ಕೋ ಕೆಳಕ್ಕೋ ಸರಿದಿದೆಯಾ? ನಿಧಾನವಾಗಿ ಒಂದು ಕಡೆಗೆ ವಾಲಿದೆಯಾ? ನಿಂತು ನಿಂತು ಏರಿದೆಯಾ? ಮುಳ್ಳು ಮುಳ್ಳಾಗಿದೆಯಾ? ಒಂದೊಂದು ಆಕಾರಕ್ಕೂ ಒಂದೊಂದು ಕಾರಣ ಇದೆ. ಕೆಳಗಿನ ಭಾಗಗಳನ್ನು ಆ ಆಕಾರಗಳ ಪ್ರಕಾರವೇ ಬರೆದಿದ್ದೇನೆ. ಖರ್ಚಿಲ್ಲದ, ಸುಲಭದ ಪರೀಕ್ಷೆಗಳು ಮೊದಲು ಬರುತ್ತವೆ.

## ಮೊದಲು ಇದು ಗೊತ್ತಿರಲಿ: ಅಂಕಿ ಎಲ್ಲಿಂದ ಬಂತು?

ಯಾವ ವಾಚೂ ಎತ್ತರವನ್ನು ನೇರವಾಗಿ ಅಳೆಯುವುದಿಲ್ಲ. ಬೇರೆ ಏನನ್ನೋ ಅಳೆದು, ಅದರಿಂದ ಎತ್ತರ ಲೆಕ್ಕ ಹಾಕುತ್ತದೆ. ಅದಕ್ಕೆ ಮೂರು ದಾರಿಗಳಿವೆ.

ಒಂದು, ಬ್ಯಾರೋಮೀಟರ್. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. 1648ರಲ್ಲಿ ಪಾಸ್ಕಲ್‌ನ ಭಾವ ಪೆರಿಯೆ ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತುಕೊಂಡು ಹತ್ತಿ ಇದನ್ನು ಅಳೆದು ತೋರಿಸಿದ. ವಾಚಿನೊಳಗಿನ ಪುಟ್ಟ ಸೆನ್ಸರ್ ಮಾಡುವುದೂ ಅದನ್ನೇ. ಸಮುದ್ರಮಟ್ಟದ ಹತ್ತಿರ 1 ಹೆಕ್ಟೋಪಾಸ್ಕಲ್ ಒತ್ತಡ ಕಡಿಮೆಯಾದರೆ ಸುಮಾರು 8 ಮೀಟರ್ ಏರಿದ ಲೆಕ್ಕ. 3,000 ಮೀಟರ್ ಎತ್ತರದಲ್ಲಿ ಅದೇ 1 ಹೆಕ್ಟೋಪಾಸ್ಕಲ್‌ಗೆ ಸುಮಾರು 11 ಮೀಟರ್.

ಎರಡು, ಉಪಗ್ರಹ. ಜಿಪಿಎಸ್‌ಗೆ ಅಕ್ಕಪಕ್ಕದ ಜಾಗ ಹೇಳುವುದು ಸುಲಭ, ಎತ್ತರ ಹೇಳುವುದು ಕಷ್ಟ. ಉಪಗ್ರಹಗಳೆಲ್ಲ ನಮ್ಮ ಮೇಲಷ್ಟೇ ಇವೆ. ಕಾಲ ಕೆಳಗಿನ ಕಡೆಯವನ್ನು ಭೂಮಿಯೇ ಮರೆಮಾಡುತ್ತದೆ. ಹಾಗಾಗಿ ಎತ್ತರದ ತಪ್ಪು ಸಾಮಾನ್ಯವಾಗಿ ಜಾಗದ ತಪ್ಪಿನ ಒಂದೂವರೆಯಿಂದ ಮೂರು ಪಟ್ಟು ಇರುತ್ತದೆ.

ಮೂರು, ನಕ್ಷೆ. ನೀವು ನಿಂತ ಜಾಗ ಯಾವುದು ಅಂತ ನೋಡಿ, ಆ ಜಾಗದ ಎತ್ತರವನ್ನು ಮೊದಲೇ ಅಳೆದಿಟ್ಟ ಭೂಮಟ್ಟದ ಮಾಹಿತಿಯಿಂದ ತೆಗೆದುಕೊಳ್ಳುವುದು.

ನಿಮ್ಮ ವಾಚಿನಲ್ಲಿ ಬ್ಯಾರೋಮೀಟರ್ ಇದೆಯೋ ಇಲ್ಲವೋ ಅನ್ನುವುದೇ ಮೊದಲ ಪರೀಕ್ಷೆ. ಅದರ ವಿವರಗಳ ಪಟ್ಟಿಯಲ್ಲಿ ‘ಬ್ಯಾರೋಮೆಟ್ರಿಕ್ ಆಲ್ಟಿಮೀಟರ್’ ಅಂತ ಇದೆಯಾ ನೋಡಿ. ಸಣ್ಣ ಬ್ಯಾಂಡ್‌ಗಳಲ್ಲಿ, ಕಡಿಮೆ ಬೆಲೆಯ ವಾಚ್‌ಗಳಲ್ಲಿ ಇದು ಇರದೇ ಇರುವುದೇ ಜಾಸ್ತಿ. ಇಲ್ಲದಿದ್ದರೆ ತೂತು, ಒತ್ತಡ, ಬಿಸಿ-ಚಳಿಯ ಮಾತು ನಿಮಗೆ ಅನ್ವಯಿಸುವುದಿಲ್ಲ. ನೇರವಾಗಿ ‘ದಿಢೀರ್ ಮುಳ್ಳು’ ಭಾಗದ ಕೊನೆಗೆ, ಆಮೇಲೆ ‘ಒಟ್ಟು ಏರಿಕೆ’ ಮತ್ತು ‘ವಾಚ್ ಒಂದು, ಆ್ಯಪ್ ಇನ್ನೊಂದು’ ಭಾಗಗಳಿಗೆ ಹೋಗಿ.

ಮುಂದೆ ಹೋಗುವ ಮೊದಲು ವಾಚನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಅಪ್‌ಡೇಟ್ ಬಾಕಿ ಇದ್ದರೆ ಹಾಕಿ. ಬ್ಯಾಟರಿ ಉಳಿಸುವ ಮೋಡ್ ಆನ್ ಆಗಿದ್ದರೆ ಆಫ್ ಮಾಡಿ. ಆ ಮೋಡ್‌ನಲ್ಲಿ ಅಳತೆಗಳು ಅಪರೂಪಕ್ಕೆ ಮಾತ್ರ ದಾಖಲಾಗುತ್ತವೆ, ನಡುವಿನ ಏರಿಳಿತ ಕಳೆದೇ ಹೋಗುತ್ತದೆ.

## ಲಕ್ಷಣ: ಹೊರಡುವಾಗಲೇ ತಪ್ಪು, ಕೊನೆಯವರೆಗೂ ಅಷ್ಟೇ ತಪ್ಪು

ಗ್ರಾಫ್‌ನ ಆಕಾರ ಸರಿಯಾಗಿದೆ. ಏರಿದ ಕಡೆ ಏರಿದೆ, ಇಳಿದ ಕಡೆ ಇಳಿದಿದೆ. ಆದರೆ ಇಡೀ ಗೆರೆ 60 ಮೀಟರೋ 90 ಮೀಟರೋ ಆಚೀಚೆ ಸರಿದಿದೆ. ಇದು ಕೆಟ್ಟುಹೋದ ಲಕ್ಷಣವಲ್ಲ. ಶುರು ಮಾಡುವಾಗ ವಾಚಿಗೆ ‘ನಾನು ಈಗ ಇಷ್ಟು ಎತ್ತರದಲ್ಲಿದ್ದೇನೆ’ ಅಂತ ಸರಿಯಾಗಿ ಗೊತ್ತಿರಲಿಲ್ಲ, ಅಷ್ಟೇ.

ಎತ್ತರ ಖಚಿತವಾಗಿ ಗೊತ್ತಿರುವ ಜಾಗದಲ್ಲಿ ನಿಂತು ಕ್ಯಾಲಿಬ್ರೇಟ್ ಮಾಡಿ. ಸರ್ವೆ ಗುರುತು, ಎತ್ತರ ನಮೂದಿಸಿರುವ ಟೋಪೋ ನಕ್ಷೆಯ ಬಿಂದು, ಸಮುದ್ರದ ದಡ ಇವು ಒಳ್ಳೆಯ ಜಾಗಗಳು. ವಾಹನದಿಂದ ಇಳಿದ ಕೂಡಲೇ ಮಾಡಬೇಡಿ. ಹತ್ತು-ಹದಿನೈದು ನಿಮಿಷ ಹೊರಗಿನ ಗಾಳಿಗೆ ವಾಚ್ ಹೊಂದಿಕೊಳ್ಳಲಿ. ಆಮೇಲೆ ಆಕಾಶ ತೆರೆದಿರುವ ಕಡೆ ನಿಂತು, ಜಿಪಿಎಸ್ ಸಿಕ್ಕಿದ ಮೇಲೂ ಒಂದೆರಡು ನಿಮಿಷ ಸುಮ್ನೆ ಕಾಯಿರಿ. ಜಿಪಿಎಸ್ ಸಿಕ್ಕಿತು ಅಂತ ವಾಚ್ ಹೇಳಿದ ಕ್ಷಣದ ಎತ್ತರ ಇನ್ನೂ ಒದ್ದಾಡುತ್ತಲೇ ಇರುತ್ತದೆ.

ಇಲ್ಲಿ ಜನ ಎಡವುವುದು ಎರಡು ಕಡೆ.

ಮೊದಲನೆಯದು, ಒತ್ತಡವನ್ನು ಕೈಯಾರೆ ತುಂಬುವಾಗ. ಹವಾಮಾನದ ಆ್ಯಪ್‌ನಲ್ಲಿ ಕಾಣುವ 1012, 1015 ಅನ್ನುವ ಅಂಕಿ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ನೀವು ನಿಂತ ಜಾಗದ ನಿಜವಾದ ಒತ್ತಡ ಅದಲ್ಲ. 1,000 ಮೀಟರ್ ಎತ್ತರದಲ್ಲಿ ನಿಜವಾದ ಒತ್ತಡ 900ರ ಆಸುಪಾಸು ಇರುತ್ತದೆ. ವಾಚ್ ಕೇಳುತ್ತಿರುವುದು ಯಾವುದನ್ನು ಅಂತ ಓದಿಕೊಂಡು ತುಂಬಿ. ಅನುಮಾನ ಇದ್ದರೆ ಒತ್ತಡ ಬಿಟ್ಟು ಎತ್ತರವನ್ನೇ ತುಂಬಿ.

ಎರಡನೆಯದು, ಫೋನ್ ನೋಡಿ ವಾಚ್ ತಿದ್ದುವುದು. ಕೆಲವು ಫೋನ್ ಆ್ಯಪ್‌ಗಳು ಉಪಗ್ರಹದ ಕಚ್ಚಾ ಎತ್ತರವನ್ನೇ ತೋರಿಸುತ್ತವೆ. ಅದನ್ನು ಅಳೆಯುವುದು ಸಮುದ್ರಮಟ್ಟದಿಂದಲ್ಲ. ಭೂಮಿಯನ್ನು ಧ್ರುವಗಳಲ್ಲಿ ತುಸು ಚಪ್ಪಟೆಯಾದ ನುಣುಪು ಗೋಳ ಅಂತ ಭಾವಿಸಿ ಮಾಡಿದ ಲೆಕ್ಕದ ಮೇಲ್ಮೈಯಿಂದ. ಈ ಎರಡರ ನಡುವಿನ ಅಂತರ ಜಾಗದಿಂದ ಜಾಗಕ್ಕೆ ಬೇರೆ. ನ್ಯೂಗಿನಿಯ ಹತ್ತಿರ ಸಮುದ್ರಮಟ್ಟ ಆ ಮೇಲ್ಮೈಗಿಂತ ಸುಮಾರು 85 ಮೀಟರ್ ಮೇಲಿದೆ. ಹಿಂದೂ ಮಹಾಸಾಗರದಲ್ಲಿ ಶ್ರೀಲಂಕಾದ ದಕ್ಷಿಣಕ್ಕೆ ಸುಮಾರು 106 ಮೀಟರ್ ಕೆಳಗಿದೆ. ಸಮುದ್ರದ ದಡದಲ್ಲಿ ನಿಂತಾಗ ಆ್ಯಪ್ ‘ಮೈನಸ್ 90’ ತೋರಿಸಿದರೆ ಫೋನ್ ಕೆಟ್ಟಿಲ್ಲ. ಅದು ತಿದ್ದದ ಅಂಕಿ. ಆ ಅಂಕಿಯನ್ನು ವಾಚಿಗೆ ತುಂಬಿದರೆ ಮಾತ್ರ ಇಡೀ ಚಾರಣದ ಗ್ರಾಫ್ ಅಷ್ಟೂ ಕೆಳಗೆ ಕೂರುತ್ತದೆ.

ಕೆಲವು ವಾಚ್‌ಗಳು ಹೊರಡುವಾಗ ತಾವೇ ನಕ್ಷೆ ನೋಡಿ ಕ್ಯಾಲಿಬ್ರೇಟ್ ಮಾಡಿಕೊಳ್ಳುತ್ತವೆ. ಬಯಲಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಕಡಿದಾದ ಇಳಿಜಾರಿನಲ್ಲಿ ನಡೆಯುವುದಿಲ್ಲ. 45 ಡಿಗ್ರಿ ಇಳಿಜಾರಿನಲ್ಲಿ ಜಾಗ 30 ಮೀಟರ್ ತಪ್ಪಿದರೆ ಎತ್ತರವೂ 30 ಮೀಟರ್ ತಪ್ಪುತ್ತದೆ. ಅಂಥ ಕಡೆ ಕೈಯಾರೆ ತುಂಬುವುದೇ ವಾಸಿ.

## ಲಕ್ಷಣ: ಹೊರಟ ಜಾಗಕ್ಕೇ ವಾಪಸ್ ಬಂದರೂ ಎತ್ತರ ಬೇರೆ

ಬೆಳಿಗ್ಗೆ ಹೊರಟಾಗ 640 ಮೀಟರ್. ಸಂಜೆ ಅದೇ ಗೇಟಿನ ಹತ್ತಿರ ನಿಂತರೆ 668. ಗ್ರಾಫ್ ಇಡೀ ದಿನ ನಿಧಾನವಾಗಿ ವಾಲಿದೆ. ಇದಕ್ಕೆ ಕಾರಣ ಹವಾಮಾನ. ಬ್ಯಾರೋಮೀಟರ್‌ಗೆ ಒತ್ತಡ ಕಡಿಮೆಯಾದದ್ದು ಗೊತ್ತಾಗುತ್ತದೆ. ನೀವು ಹತ್ತಿದ್ದರಿಂದ ಕಡಿಮೆಯಾಯಿತೋ, ಗಾಳಿಯ ಒತ್ತಡವೇ ಬಿದ್ದಿತೋ ಅನ್ನುವುದು ಗೊತ್ತಾಗುವುದಿಲ್ಲ.

ಸಮಭಾಜಕದ ಹತ್ತಿರದ ಸೀಮೆಗಳಲ್ಲಿ ಆಕಾಶ ಪೂರ್ತಿ ತಿಳಿಯಾಗಿದ್ದರೂ ಒತ್ತಡ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಬೆಳಿಗ್ಗೆ 10ರ ಸುಮಾರಿಗೆ ಜಾಸ್ತಿ, ಮಧ್ಯಾಹ್ನ 4ರ ಸುಮಾರಿಗೆ ಕಡಿಮೆ. ರಾತ್ರಿಯೂ ಇದೇ ಆಟ. ಈ ವ್ಯತ್ಯಾಸ 3 ಹೆಕ್ಟೋಪಾಸ್ಕಲ್‌ನಷ್ಟು ಇರಬಹುದು. ಅಂದರೆ ಒಂದೇ ಬಂಡೆಯ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಕೂತಿದ್ದರೂ ವಾಚ್ ನಿಮ್ಮನ್ನು ಇಪ್ಪತ್ತು-ಇಪ್ಪತ್ತೈದು ಮೀಟರ್ ಮೇಲೆ ಕರೆದೊಯ್ಯುತ್ತದೆ. ಇಷ್ಟು ವಾಲಿದ್ದರೆ ದೋಷ ಹುಡುಕಬೇಕಾಗಿಲ್ಲ.

ಪರಿಹಾರ ಸುಲಭ. ದಾರಿಯಲ್ಲಿ ಎತ್ತರ ಗೊತ್ತಿರುವ ಕಣಿವೆ ದಾರಿಯೋ ಶಿಖರವೋ ಸಿಕ್ಕಾಗ ವಾಚನ್ನು ಅದಕ್ಕೆ ಹೊಂದಿಸಿ. ಒಂದು ಎಚ್ಚರಿಕೆ: ಕೆಲವು ವಾಚ್‌ಗಳಲ್ಲಿ ರೆಕಾರ್ಡಿಂಗ್ ನಡೆಯುವಾಗ ಹೀಗೆ ತಿದ್ದಿದರೆ ಆ ನೆಗೆತವೂ ಒಟ್ಟು ಏರಿಕೆಗೆ ಸೇರಿಬಿಡುತ್ತದೆ. ಮೊದಲು ಒಂದು ಸಣ್ಣ ನಡಿಗೆಯಲ್ಲಿ ನಿಮ್ಮ ವಾಚ್ ಹೇಗೆ ಅಂತ ನೋಡಿಕೊಳ್ಳಿ.

ಸೆಟಿಂಗ್ಸ್‌ನಲ್ಲಿ ‘ಆಲ್ಟಿಮೀಟರ್’, ‘ಬ್ಯಾರೋಮೀಟರ್’, ‘ಆಟೋ’ ಅನ್ನುವ ಆಯ್ಕೆ ಇದ್ದರೆ ಅದನ್ನೂ ನೋಡಿ. ‘ಬ್ಯಾರೋಮೀಟರ್’ ಅಂತ ಇಟ್ಟರೆ ಒತ್ತಡದ ಬದಲಾವಣೆಯನ್ನೆಲ್ಲ ಹವಾಮಾನ ಅಂತಲೇ ತಿಳಿಯುತ್ತದೆ, ಆಗ ನೀವು ಹತ್ತಿದ್ದು ಲೆಕ್ಕಕ್ಕೆ ಬರದೇ ಹೋಗಬಹುದು. ಚಾರಣಕ್ಕೆ ‘ಆಲ್ಟಿಮೀಟರ್’ ಅಥವಾ ‘ಆಟೋ’ ಇರಲಿ.

ಇಲ್ಲಿ ಎಚ್ಚರ ಬೇಕು. ಕ್ಯಾಂಪ್‌ನಲ್ಲಿ ನೀವು ಕದಲದೆ ಕೂತಿದ್ದೀರಿ, ಎತ್ತರ ಮಾತ್ರ ಏರುತ್ತಲೇ ಇದೆ ಅಂದರೆ ಒತ್ತಡ ಬೀಳುತ್ತಿದೆ ಅಂತ ಅರ್ಥ. 3 ಗಂಟೆಯಲ್ಲಿ 4 ಹೆಕ್ಟೋಪಾಸ್ಕಲ್ ಬಿದ್ದರೆ ಅದು ಗಾಳಿ-ಮಳೆ ಬರುವ ಸೂಚನೆ. ಹಲವು ವಾಚ್‌ಗಳ ಬಿರುಗಾಳಿ ಎಚ್ಚರಿಕೆ ಕೂಗುವುದೂ ಇದೇ ಲೆಕ್ಕದಲ್ಲಿ. 3,000 ಮೀಟರ್ ಹತ್ತಿರ ಇದು ವಾಚಿನಲ್ಲಿ 45 ಮೀಟರ್ ‘ಏರಿಕೆ’ಯಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ವಾಚ್ ತಿದ್ದುತ್ತಾ ಕೂರಬೇಡಿ. ಟೆಂಟ್ ಭದ್ರ ಮಾಡಿ, ಮರೆಯಿಲ್ಲದ ಏಣಿನ (ಬೆಟ್ಟದ ಚೂಪು ಸಾಲಿನ) ಮೇಲಿದ್ದರೆ ಕೆಳಗಿಳಿಯುವ ಯೋಚನೆ ಮಾಡಿ. ನನಗೆ ಈ ವಾಚ್‌ಗಳ ಅತಿ ದೊಡ್ಡ ಉಪಯೋಗ ಕಾಣುವುದು ಇಲ್ಲೇ. ತಪ್ಪು ಅನ್ನಿಸುವ ಅಂಕಿ ಒಂದು ನಿಜವಾದ ಸುದ್ದಿ ಹೇಳುತ್ತಿರುತ್ತದೆ.

## ಲಕ್ಷಣ: ಎತ್ತರ ಕದಲುವುದೇ ಇಲ್ಲ, ಆಮೇಲೆ ದಿಢೀರನೆ ನೆಗೆಯುತ್ತದೆ

ಅರ್ಧ ಗಂಟೆ ಹತ್ತಿದರೂ ಅಂಕಿ ಅಲ್ಲೇ ನಿಂತಿದೆ. ಇದ್ದಕ್ಕಿದ್ದಂತೆ ಒಂದೇ ಏಟಿಗೆ 70 ಮೀಟರ್ ಏರಿತು. ಗ್ರಾಫ್‌ನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಹೀಗಿದ್ದರೆ ಸೆನ್ಸರ್‌ನ ತೂತು ಕಟ್ಟಿಕೊಂಡಿದೆ ಅಂತಲೇ ನಾನು ಮೊದಲು ಅನುಮಾನಿಸುತ್ತೇನೆ.

ವಾಚ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಪಕ್ಕದಲ್ಲೋ ಹಿಂಬದಿಯಲ್ಲೋ ಸೂಜಿಮೊನೆಯಷ್ಟು ಸಣ್ಣ ತೂತುಗಳು ಒಂದೆರಡು ಇರುತ್ತವೆ. ಎಲ್ಲಿ ಅಂತ ಕೈಪಿಡಿಯ ಚಿತ್ರದಲ್ಲಿ ನೋಡಿ. ಮೈಕ್‌ನ ತೂತನ್ನು ಇದೇ ಅಂದುಕೊಳ್ಳಬೇಡಿ. ಒತ್ತಡದ ತೂತಿನ ಅಂಚಿನಲ್ಲಿ ಬಿಳಿಯ ಪುಡಿ ಕಂಡರೆ ಅದು ಬೆವರಿನ ಉಪ್ಪು. ಜಿಡ್ಡಾಗಿ ಮಿನುಗಿದರೆ ಸನ್‌ಸ್ಕ್ರೀನ್. ಕಂದು ಬಣ್ಣದ ಗಟ್ಟಿ ಪದರ ಇದ್ದರೆ ಒಣಗಿದ ಮಣ್ಣು. ಇವು ಯಾವುವೂ ಕಾಣದಿದ್ದರೂ ಒಂದು ಹನಿ ನೀರು ತೂತಿಗೆ ಅಡ್ಡ ಕೂತರೆ ಸಾಕು. ಮಳೆಯಲ್ಲಿ ನಡೆದ ದಿನ ಹೀಗಾಗಿ, ಮರುದಿನ ಒಣಗಿ ತಾನೇ ಸರಿಹೋದರೆ ಅದು ದೋಷವೇ ಅಲ್ಲ.

ತೊಳೆಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಗಾಳಿಯಾಡದಂತೆ ಮುಚ್ಚುವ ಜಿಪ್ ಇರುವ ಪ್ಲಾಸ್ಟಿಕ್ ಚೀಲ ತೆಗೆದುಕೊಳ್ಳಿ. ವಾಚಿನಲ್ಲಿ ಎತ್ತರದ ಪುಟ ತೆರೆದಿಟ್ಟು ಅದರೊಳಗೆ ಹಾಕಿ. ಚೀಲದಲ್ಲಿ ಗಾಳಿ ತುಂಬಿಕೊಂಡಿರುವಾಗಲೇ ಜಿಪ್ ಎಳೆಯಿರಿ. ಈಗ ಎರಡೂ ಅಂಗೈಯಿಂದ ಚೀಲವನ್ನು ಮೆಲ್ಲಗೆ ಅದುಮಿ, ಹಾಗೇ ಹಿಡಿದುಕೊಳ್ಳಿ. ಒಳಗಿನ ಒತ್ತಡ ಜಾಸ್ತಿಯಾಗುತ್ತದೆ, ವಾಚಿನ ಎತ್ತರ ಕೆಲವೇ ಸೆಕೆಂಡಿನಲ್ಲಿ ಇಳಿಯಬೇಕು. ಕೈ ಬಿಟ್ಟರೆ ಮೊದಲಿನ ಅಂಕಿಗೆ ಮರಳಬೇಕು. ಹೀಗಾದರೆ ಸೆನ್ಸರ್ ಉಸಿರಾಡುತ್ತಿದೆ, ಬೇರೆ ಕಾರಣ ಹುಡುಕಿ. ಇಳಿಯುವುದು ಬಹಳ ತಡವಾದರೆ ತೂತು ಅರ್ಧ ಕಟ್ಟಿದೆ. ಏನೂ ಆಗದಿದ್ದರೆ ಪೂರ್ತಿ ಕಟ್ಟಿದೆ, ಇಲ್ಲವೇ ಸೆನ್ಸರ್ ಸತ್ತಿದೆ. ತೊಳೆದ ಮೇಲೆ ಇದೇ ಪರೀಕ್ಷೆ ಮತ್ತೆ ಮಾಡಿದರೆ ಯಾವುದು ಅಂತ ತಿಳಿಯುತ್ತದೆ. ಎತ್ತರ ಆಗಾಗ ಮಾತ್ರ ಹೊಸದಾಗುವ ವಾಚ್ ಇದ್ದರೆ ನಡಿಗೆ ರೆಕಾರ್ಡಿಂಗ್ ಶುರು ಮಾಡಿಕೊಂಡು ಪರೀಕ್ಷಿಸಿ.

ತೊಳೆಯುವುದು ಹೀಗೆ. ಮೊದಲು ವಾಚ್ ನೀರಿಗೆ ತಡೆಯುತ್ತದೆ ಅಂತ ಖಚಿತ ಮಾಡಿಕೊಳ್ಳಿ. ಗಾಜು ಬಿರುಕು ಬಿಟ್ಟಿದ್ದರೆ ನೀರಿನ ಹತ್ತಿರ ತರಲೇಬೇಡಿ. ಪಟ್ಟಿ ಬಿಚ್ಚಿ. ಉಗುರು ಬೆಚ್ಚಗಿನ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಮುಳುಗಿಸಿಡಿ, ಉಪ್ಪು ಕರಗಲಿ. ಮೆತ್ತನೆಯ ಬ್ರಷ್‌ನಿಂದ ತೂತಿನ ಸುತ್ತ ಹಗುರವಾಗಿ ಉಜ್ಜಿ. ತೆಗೆದು, ತೂತು ಕೆಳಮುಖವಾಗಿರುವಂತೆ ಬಟ್ಟೆಯ ಮೇಲೆ ಒಂದು ರಾತ್ರಿ ಒಣಗಲು ಬಿಡಿ.

ಮಾಡಬಾರದ್ದು. ತೂತಿನೊಳಗೆ ಸೂಜಿ, ಪಿನ್ನು, ಹಲ್ಲುಕಡ್ಡಿ ಯಾವುದನ್ನೂ ತೂರಿಸಬೇಡಿ. ಹಲವು ವಾಚ್‌ಗಳಲ್ಲಿ ಗಾಳಿ ಬಿಟ್ಟು ನೀರು ತಡೆಯುವ ತೆಳು ಪೊರೆ ಅಲ್ಲೇ ಇರುತ್ತದೆ. ಅದು ಹರಿದರೆ ಎತ್ತರದ ಜೊತೆಗೆ ವಾಚೂ ಹೋಯಿತು. ಹೇರ್ ಡ್ರೈಯರ್ ಬಿಸಿ, ಏರ್ ಕ್ಯಾನ್, ನಲ್ಲಿಯ ರಭಸದ ಧಾರೆ, ಸ್ಪಿರಿಟ್ ಇವೂ ಬೇಡ. ನೀರು ತಗುಲಿದ ಚಾರ್ಜಿಂಗ್ ಪಿನ್ನುಗಳು ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

## ಲಕ್ಷಣ: ಗ್ರಾಫ್‌ನಲ್ಲಿ ದಿಢೀರ್ ಗುಂಡಿ, ದಿಢೀರ್ ಮುಳ್ಳು

ಗುಂಡಿ ಇದ್ದರೆ ಆ ಹೊತ್ತಿನಲ್ಲಿ ನೀವು ನೀರಿನ ಹತ್ತಿರ ಇದ್ದಿರಾ ನೆನಪು ಮಾಡಿಕೊಳ್ಳಿ. ಹಳ್ಳದಲ್ಲಿ ಕೈ ತೊಳೆಯುವಾಗ ಮಣಿಕಟ್ಟು ಕೇವಲ 10 ಸೆಂಟಿಮೀಟರ್ ಮುಳುಗಿದರೂ ಒತ್ತಡ ಸುಮಾರು 10 ಹೆಕ್ಟೋಪಾಸ್ಕಲ್ ಜಾಸ್ತಿಯಾಗುತ್ತದೆ. ವಾಚ್ ಅದನ್ನು 80 ಮೀಟರ್ ಇಳಿದ ಹಾಗೆ ಬರೆದುಕೊಳ್ಳುತ್ತದೆ. ಕೈ ಹೊರಗೆ ತೆಗೆದಾಗ 80 ಮೀಟರ್ ಹತ್ತಿದ ಹಾಗೆ! ಆ ಸುಳ್ಳು ಹತ್ತುವಿಕೆ ಒಟ್ಟು ಏರಿಕೆಗೆ ಸೇರುತ್ತದೆ. ಹೊಳೆ ದಾಟುವಾಗ, ಮುಖ ತೊಳೆಯುವಾಗ ರೆಕಾರ್ಡಿಂಗ್ ಪಾಜ್ ಮಾಡಿ, ಇಲ್ಲವೇ ಬಿಚ್ಚಿ ಚೀಲಕ್ಕೆ ಹಾಕಿ.

ಮುಳ್ಳುಗಳು ಏಣಿನ ಮೇಲೆ, ಜೋರು ಗಾಳಿಯಲ್ಲಿ ಬಂದಿದ್ದರೆ ಗಾಳಿಯೇ ಕಾರಣ. ರಭಸದ ಗಾಳಿ ತೂತಿನ ಮೇಲೆ ಹಾದುಹೋದಾಗ ಅಲ್ಲಿನ ಒತ್ತಡ ಏರುಪೇರಾಗುತ್ತದೆ. ವಾಚನ್ನು ಅಂಗಿಯ ತೋಳಿನೊಳಗೆ ಸಡಿಲವಾಗಿ ಸರಿಸಿಕೊಳ್ಳಿ. ಆದರೆ ಗಾಳಿಯಾಡದ ಮಳೆ ಜಾಕೆಟ್‌ನ ತೋಳನ್ನು ಬಿಗಿಯಾಗಿ ಕಟ್ಟಿದರೆ ಬೇರೆ ತೊಂದರೆ: ಕೈ ಮಡಿಸಿದಾಗಲೆಲ್ಲ ಒಳಗಿನ ಗಾಳಿ ಒತ್ತಿಕೊಳ್ಳುತ್ತದೆ.

ವಾಹನದ ಬಾಗಿಲು ಹಾಕಿದ ಏಟಿಗೂ ಒಂದು ಸಣ್ಣ ಮುಳ್ಳು ಬರುತ್ತದೆ. ಇದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಬ್ಯಾರೋಮೀಟರ್ ಇಲ್ಲದ ವಾಚಿನಲ್ಲಿ ಮುಳ್ಳುಗಳು ಬಂಡೆಯ ಗೋಡೆಯ ಪಕ್ಕದಲ್ಲೋ ದಟ್ಟ ಕಾಡಿನಲ್ಲೋ ಬಂದಿದ್ದರೆ, ಉಪಗ್ರಹದ ಸಿಗ್ನಲ್ ಬಂಡೆಗೆ ಬಡಿದು ಸುತ್ತಿ ಬಂದಿರಬಹುದು. ಒಂದಕ್ಕಿಂತ ಹೆಚ್ಚು ಉಪಗ್ರಹ ವ್ಯವಸ್ಥೆ ಬಳಸುವ ಸೆಟಿಂಗ್ ಇದ್ದರೆ ಆನ್ ಮಾಡಿ. ಎರಡು ಫ್ರೀಕ್ವೆನ್ಸಿಯ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಅದಕ್ಕೆ ಸಿದ್ಧರಾಗಿರಿ.

## ಲಕ್ಷಣ: ಶಿಖರದ ಎತ್ತರ ಸರಿ, ಒಟ್ಟು ಏರಿಕೆ ಮಾತ್ರ ಹೊಂದುವುದಿಲ್ಲ

ಜಾಸ್ತಿ ಜಗಳ ನಡೆಯುವುದು ಇದರ ಮೇಲೆಯೇ. ಒಂದೇ ದಾರಿಯಲ್ಲಿ ಒಟ್ಟಿಗೆ ನಡೆದ ಇಬ್ಬರಲ್ಲಿ ಒಬ್ಬರಿಗೆ 920 ಮೀಟರ್, ಇನ್ನೊಬ್ಬರಿಗೆ 1,140. ಇಬ್ಬರಲ್ಲಿ ಯಾರ ವಾಚ್ ಕೆಟ್ಟಿದೆ? ಬಹುಶಃ ಯಾರದೂ ಅಲ್ಲ.

ಎತ್ತರ ಮತ್ತು ಒಟ್ಟು ಏರಿಕೆ ಬೇರೆ ಬೇರೆ. ಒಟ್ಟು ಏರಿಕೆ ಅಂದರೆ ದಾರಿಯಲ್ಲಿ ಮೇಲಕ್ಕೆ ಹೋದದ್ದನ್ನೆಲ್ಲ ಕೂಡಿದ್ದು. ಇಳಿದದ್ದನ್ನು ಕಳೆಯುವುದಿಲ್ಲ. ಹಾಗಾಗಿ ಅಳತೆಯಲ್ಲಿನ ಸಣ್ಣ ನಡುಕವೂ ಕೂಡುತ್ತಾ ಹೋಗುತ್ತದೆ. ಸಮತಟ್ಟಾದ ದಾರಿಯಲ್ಲಿ ಅಂಕಿ 3 ಮೀಟರ್ ಏರಿ 3 ಮೀಟರ್ ಇಳಿಯುವುದು ನೂರು ಸಲ ಆಯಿತು ಅನ್ನಿ. ಕೊನೆಗೆ ಎತ್ತರದಲ್ಲಿ ತಪ್ಪು ಸೊನ್ನೆ. ಒಟ್ಟು ಏರಿಕೆಯಲ್ಲಿ ತಪ್ಪು 300 ಮೀಟರ್!

ಇದನ್ನು ತಡೆಯಲು ಪ್ರತಿ ತಯಾರಕರೂ ಒಂದು ಮಿತಿ ಇಡುತ್ತಾರೆ: ಇಷ್ಟು ಮೀಟರ್‌ಗಿಂತ ಕಡಿಮೆ ಏರಿದರೆ ಎಣಿಸಬೇಡ ಅಂತ. ಮಿತಿ ಸಣ್ಣದಾದರೆ ನಡುಕ ಸೇರಿಕೊಳ್ಳುತ್ತದೆ. ದೊಡ್ಡದಾದರೆ ಸಣ್ಣ ಸಣ್ಣ ದಿಣ್ಣೆಗಳು ಬಿಟ್ಟುಹೋಗುತ್ತವೆ. ಎಲ್ಲರೂ ಒಪ್ಪಿದ ಒಂದೇ ಮಿತಿ ಇಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಯ ಎರಡು ವಾಚ್‌ಗಳ ಒಟ್ಟು ಏರಿಕೆಯನ್ನು ಹೋಲಿಸಿ ದೋಷ ಹುಡುಕಬಾರದು. ನಿಮ್ಮದೇ ವಾಚಿನಲ್ಲಿ, ಅದೇ ದಾರಿಯಲ್ಲಿ, ಹಿಂದಿನ ಸಲಕ್ಕೂ ಈ ಸಲಕ್ಕೂ ಎಷ್ಟು ವ್ಯತ್ಯಾಸ ಬಂತು ಅಂತ ನೋಡಿ. ಅದು ನಿಜವಾದ ಪರೀಕ್ಷೆ.

ಇನ್ನೊಂದು ಪರೀಕ್ಷೆಗೆ ಬೆಟ್ಟವೂ ಬೇಡ, ನಕ್ಷೆಯೂ ಬೇಡ. ನಾಲ್ಕೈದು ಮಹಡಿಯ ಕಟ್ಟಡದ ಮೆಟ್ಟಿಲು ಸಾಕು. ಒಂದು ಮೆಟ್ಟಿಲಿನ ಎತ್ತರವನ್ನು ಟೇಪ್‌ನಿಂದ ಅಳೆಯಿರಿ. 17 ಸೆಂಟಿಮೀಟರ್ ಬಂತು ಅನ್ನಿ. 60 ಮೆಟ್ಟಿಲು ಹತ್ತಿದರೆ 10.2 ಮೀಟರ್. ಕೆಳಗೆ ಒಂದು ನಿಮಿಷ ನಿಂತು ಅಂಕಿ ನೋಡಿಕೊಳ್ಳಿ, ಹತ್ತಿ ಮೇಲೆ ಒಂದು ನಿಮಿಷ ನಿಂತು ನೋಡಿ. ಬ್ಯಾರೋಮೀಟರ್ ಇರುವ ವಾಚ್ ಒಂದೆರಡು ಮೀಟರ್ ಆಚೀಚೆ ಸರಿಯಾಗಿ ಹೇಳಬೇಕು. 4 ಮೀಟರೋ 20 ಮೀಟರೋ ತೋರಿಸಿದರೆ ಮತ್ತೆ ಮಾಡಿ. ಪ್ರತಿ ಸಲವೂ ಹಾಗೇ ಆದರೆ ತೂತಿನ ಭಾಗಕ್ಕೆ ಹಿಂತಿರುಗಿ.

ಬ್ಯಾರೋಮೀಟರ್ ಇಲ್ಲದ ವಾಚಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಕಟ್ಟಡದೊಳಗಿನ ಮೆಟ್ಟಿಲಿನಲ್ಲಿ ಉಪಗ್ರಹದ ಸಿಗ್ನಲ್ ಸಿಗುವುದಿಲ್ಲ.

## ಲಕ್ಷಣ: ವಾಚ್ ಒಂದು ಹೇಳುತ್ತದೆ, ಆ್ಯಪ್ ಇನ್ನೊಂದು

ಮಣಿಕಟ್ಟಿನ ಮೇಲೆ 1,050 ಇದ್ದ ಒಟ್ಟು ಏರಿಕೆ ಅಪ್‌ಲೋಡ್ ಆದ ಮೇಲೆ 930 ಆಗಿದೆ. ಆ್ಯಪ್ ನಿಮ್ಮ ಅಳತೆ ಬಿಟ್ಟು ನಕ್ಷೆಯ ಎತ್ತರ ಹಾಕಿಕೊಂಡಿದೆ. ‘ಎಲೆವೇಶನ್ ಕರೆಕ್ಷನ್’ ಅನ್ನುವ ಹೆಸರಿನ ಸೆಟಿಂಗ್ ಇದಕ್ಕೆ ಕಾರಣ.

ಆನ್ ಇರಬೇಕೋ ಆಫ್ ಇರಬೇಕೋ? ಬ್ಯಾರೋಮೀಟರ್ ಇದ್ದು, ಅದು ಚೆನ್ನಾಗಿದ್ದರೆ ಆಫ್. ಇಲ್ಲದಿದ್ದರೆ ಆನ್. ತೂತು ಕಟ್ಟಿದ ದಿನದ ರೆಕಾರ್ಡಿಂಗ್‌ಗೂ ಆನ್ ಮಾಡಿದರೆ ಗ್ರಾಫ್ ಎಷ್ಟೋ ಸರಿಹೋಗುತ್ತದೆ.

ನಕ್ಷೆಯ ಅಂಕಿಯೇ ಸತ್ಯ ಅಂದುಕೊಳ್ಳುವುದೂ ತಪ್ಪು. ಬಹಳ ಕಡೆ ಬಳಕೆಯಲ್ಲಿರುವ ಭೂಮಟ್ಟದ ಮಾಹಿತಿ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದದ್ದು. ಅದರಲ್ಲಿ ನೆಲವನ್ನು ಸುಮಾರು 30 ಅಥವಾ 90 ಮೀಟರ್ ಅಗಲದ ಚೌಕಗಳಾಗಿ ಹಂಚಿದ್ದಾರೆ. ಒಂದು ಚೌಕಕ್ಕೆ ಒಂದೇ ಎತ್ತರ. ಕಿರಿದಾದ ಏಣಿನ ತುದಿ ಸವೆದು ಹೋಗುತ್ತದೆ, ಇಕ್ಕಟ್ಟಾದ ಕೊರಕಲು ತುಂಬಿಹೋಗುತ್ತದೆ. ದಟ್ಟ ಕಾಡಿನಲ್ಲಿ ನೆಲದ ಬದಲು ಮರದ ನೆತ್ತಿಯ ಹತ್ತಿರದ ಎತ್ತರ ಸಿಗುತ್ತದೆ. ಕಣಿವೆಯ ಮೇಲಿನ ಸೇತುವೆ ದಾಟಿದರೆ ಕಣಿವೆಗೆ ಇಳಿದು ಹತ್ತಿದ ಹಾಗೆ ಕಾಣುತ್ತದೆ. ಬಂಡೆಯ ಅಂಚಿನ ದಾರಿಯಲ್ಲಿ ಜಿಪಿಎಸ್ ಗೆರೆ ನಾಲ್ಕು ಹೆಜ್ಜೆ ಆಚೆ ಹೋದರೆ ಗ್ರಾಫ್ ಪ್ರಪಾತಕ್ಕೆ ಬೀಳುತ್ತದೆ.

## ಲಕ್ಷಣ: ಬಿಸಿಲಿನಲ್ಲಿ ಏರಿಕೆ ಕಡಿಮೆ, ಚಳಿಯಲ್ಲಿ ಜಾಸ್ತಿ

ಬ್ಯಾರೋಮೀಟರ್‌ನ ಲೆಕ್ಕ ಒಂದು ‘ಮಾದರಿ ವಾತಾವರಣ’ದ ಮೇಲೆ ನಿಂತಿದೆ. ಸಮುದ್ರಮಟ್ಟದಲ್ಲಿ 15 ಡಿಗ್ರಿ, 1013.25 ಹೆಕ್ಟೋಪಾಸ್ಕಲ್, ಪ್ರತಿ ಕಿಲೋಮೀಟರ್ ಏರಿದಾಗ 6.5 ಡಿಗ್ರಿ ತಂಪು. ನಿಜವಾದ ಗಾಳಿ ಹೀಗೇ ಇರಬೇಕು ಅಂತೇನಿಲ್ಲ. ಬಿಸಿ ಗಾಳಿ ಹಿಗ್ಗಿರುತ್ತದೆ, ಅದೇ ಒತ್ತಡ ಇಳಿಯಲು ಜಾಸ್ತಿ ಹತ್ತಬೇಕು. ಮಾದರಿಗಿಂತ 10 ಡಿಗ್ರಿ ಬಿಸಿ ಇದ್ದರೆ ಸುಮಾರು 4 ಶೇಕಡಾ ವ್ಯತ್ಯಾಸ. ನೀವು 1,000 ಮೀಟರ್ ಹತ್ತಿದರೆ ವಾಚ್ 960ರ ಹತ್ತಿರ ಹೇಳುತ್ತದೆ. ಕೊರೆಯುವ ಚಳಿಯಲ್ಲಿ ಇದೇ ಉಲ್ಟಾ.

ಹತ್ತಿದಷ್ಟೂ ತಪ್ಪು ಬೆಳೆಯುತ್ತದೆ, ಇಳಿದಾಗ ಕರಗುತ್ತದೆ, ಹೊರಟ ಜಾಗದಲ್ಲಿ ಸರಿಹೊಂದುತ್ತದೆ. ಈ ಆಕಾರ ಕಂಡರೆ ವಾಚ್ ಬಿಚ್ಚಬೇಡಿ, ತೊಳೆಯಬೇಡಿ. ಬುಡದಲ್ಲೂ ತುದಿಯಲ್ಲೂ ಕ್ಯಾಲಿಬ್ರೇಟ್ ಮಾಡುವುದೊಂದೇ ದಾರಿ.

## ಅಂಕಿ ನಂಬಿ ಮಾಡಬಾರದ ಕೆಲಸಗಳು

ಮಂಜು ಮುಸುಕಿದಾಗ ವಾಚಿನ ಎತ್ತರ ಒಂದನ್ನೇ ನೆಚ್ಚಿ ದಾರಿ ಹುಡುಕಬೇಡಿ. 50 ಮೀಟರ್ ತಪ್ಪು ಅಂದರೆ ಬೇರೆಯೇ ಕವಲು, ಕೆಲವು ಕಡೆ ಪ್ರಪಾತ. ನಕ್ಷೆ ಮತ್ತು ದಿಕ್ಸೂಚಿ ಜೊತೆಗಿರಲಿ. ಸೆಟಿಂಗ್ಸ್ ತಡಕಾಡುವ ಕೆಲಸ ಇದ್ದರೆ ಅಂಚಿನಿಂದ ದೂರ ಬಂದು, ಕೂತು ಮಾಡಿ.

2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬಾರದು, ಮೂರು-ನಾಲ್ಕು ದಿನಕ್ಕೊಮ್ಮೆ ವಿಶ್ರಾಂತಿಯ ದಿನ ಬೇಕು ಅನ್ನುವುದು ವೈದ್ಯರ ಸಲಹೆ. ಈ ಲೆಕ್ಕಕ್ಕೆ ನಕ್ಷೆಯಲ್ಲಿ ನಮೂದಿಸಿದ ಕ್ಯಾಂಪಿನ ಎತ್ತರ ಬಳಸಿ. ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು, ವಿಪರೀತ ಸುಸ್ತು ಇದ್ದರೆ ಮುಂದೆ ಹತ್ತಬೇಡಿ. ವಾಚ್ ‘ಇನ್ನೂ 2,400’ ಅಂದರೂ ಸರಿಯೇ, ಮೈ ಹೇಳುವುದನ್ನು ಕೇಳಿ. ನಡಿಗೆ ತೂರಾಡಿದರೆ, ಮಾತು ಗೊಂದಲವಾದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಅದು ಪ್ರಾಣಕ್ಕೆ ಅಪಾಯ. ಆ ವ್ಯಕ್ತಿಯನ್ನು ಒಬ್ಬರೇ ಬಿಡದೆ, ಕೂಡಲೇ ಕೆಳಗಿಳಿಸಿ, ವೈದ್ಯಕೀಯ ನೆರವು ಕರೆಯಿರಿ.

## ಸರ್ವಿಸ್‌ಗೆ ಯಾವಾಗ ಕೊಡಬೇಕು?

ತೊಳೆದು ಪೂರ್ತಿ ಒಣಗಿಸಿದ ಮೇಲೂ ಪ್ಲಾಸ್ಟಿಕ್ ಚೀಲದ ಪರೀಕ್ಷೆಯಲ್ಲಿ ಅಂಕಿ ಕದಲದಿದ್ದರೆ ಕೊಡಿ. ಮೇಜಿನ ಮೇಲೆ ಇಟ್ಟ ವಾಚ್ ಒಂದೇ ಗಂಟೆಯಲ್ಲಿ ನೂರಾರು ಮೀಟರ್ ಏರಿಳಿದರೆ, ಅಥವಾ ಭೂಮಿಯ ಮೇಲೆ ಇರಲಾಗದ ಎತ್ತರ ತೋರಿಸಿದರೆ ಕೊಡಿ. ಗಾಜಿನ ಒಳಗೆ ಹಬೆ ಕಂಡರೆ ನೀರು ಒಳಹೊಕ್ಕಿದೆ, ಆಗ ಬೇರೆ ಪರೀಕ್ಷೆ ಬೇಡ.

ಪರದೆ ಅಥವಾ ಹಿಂಬದಿಯ ಮುಚ್ಚಳ ಎದ್ದು ಬಿರುಕು ಕಾಣುತ್ತಿದ್ದರೆ ಬ್ಯಾಟರಿ ಉಬ್ಬಿರಬಹುದು. ವಾಚನ್ನು ಮಣಿಕಟ್ಟಿನಿಂದ ತೆಗೆದು, ಆಫ್ ಮಾಡಿ, ಚಾರ್ಜಿಗೆ ಹಾಕಬೇಡಿ. ಮುಚ್ಚಳವನ್ನು ಒತ್ತಿ ಕೂರಿಸಲು ಹೋಗಬೇಡಿ, ಬೆಂಕಿ ಹೊತ್ತಿಕೊಳ್ಳುವ ಅಪಾಯ ಇದೆ.

ಕೊಡುವಾಗ ‘ಎತ್ತರ ಸರಿ ಇಲ್ಲ’ ಅಂತಷ್ಟೇ ಹೇಳಿದರೆ ರೀಸೆಟ್ ಮಾಡಿ ವಾಪಸ್ ಕಳಿಸುವ ಸಾಧ್ಯತೆ ಜಾಸ್ತಿ. ಚೀಲದ ಪರೀಕ್ಷೆಯ ವೀಡಿಯೊ, ಮೆಟ್ಟಿಲಿನ ಪರೀಕ್ಷೆಯ ಅಂಕಿಗಳು, ಒಂದೇ ದಾರಿಯ ಹಳೆಯ ಮತ್ತು ಹೊಸ ಗ್ರಾಫ್ ಇವನ್ನು ಜೊತೆಗೆ ಕೊಡಿ. ರಿಪೇರಿಗಾಗಿ ವಾಚ್ ತೆರೆಯುತ್ತಾರೆ ಅಂದರೆ, ಮುಚ್ಚಿದ ಮೇಲೆ ನೀರು ತಡೆಯುವ ಪರೀಕ್ಷೆ ಮಾಡುತ್ತೀರಾ ಅಂತ ಮೊದಲೇ ಕೇಳಿ. ಮಾಡುವುದಿಲ್ಲ ಅಂದರೆ ವಾಪಸ್ ಬಂದ ವಾಚನ್ನು ಮಳೆಯ ಚಾರಣಕ್ಕೆ ಕಟ್ಟಿಕೊಂಡು ಹೋಗಬೇಡಿ.